ಉಜ್ಜಿ ತೆಗೆದ ಚುಕ್ಕಿಗಳು

1988ನೆಯ ಇಸವಿ, ಆಗಸ್ಟ್ 9, ಮಂಗಳವಾರ. ನನ್ನ ದಿನಚರಿಯ ಆ ಪುಟದಲ್ಲಿ ಒಂದು ಪ್ರಶ್ನೆ ಇದೆ: "ಇಪ್ಪತ್ತಮೂರು ಜನ ತಿಳಿದವರು ಇಪ್ಪತ್ತಮೂರು ಬಗೆಯಾಗಿ ಹೇಳಿದರೆ ಯಾರ ಮಾತು ಹಿಡಿಯಬೇಕು?" ಅದರ ಕೆಳಗೆ, "ಉಸ್ತಾದರನ್ನು ಕೇಳಿದೆ" ಎಂದು ಬರೆದಿದ್ದೇನೆ.

ನನ್ನ ದಿನಚರಿಗಳು ಕಾಲೇಜಿಗೆ ಸೇರಿದ 1957ರಿಂದ ಇವೆ. ಹೆರಿಗೆಯ ದಿನಗಳನ್ನು ಬಿಟ್ಟರೆ ಒಂದು ಪುಟವೂ ಖಾಲಿ ಇಲ್ಲ. ಆದುದರಿಂದ ಇಲ್ಲಿ ಹೇಳುವುದನ್ನು ನೆನಪಿನಿಂದ ಹೇಳುತ್ತಿಲ್ಲ, ನೋಡಿಕೊಂಡು ಹೇಳುತ್ತಿದ್ದೇನೆ.

ಉಸ್ತಾದ್ ಎಂದರೆ ಇಮಾಮಸಾಬ ನದಾಫ. ಹುಬ್ಬಳ್ಳಿಯಲ್ಲಿ ನಲವತ್ತು ವರ್ಷ ಎಂಜಿನ್ ಕೆಲಸ ಮಾಡಿ, ಕೈ ನಡುಗಲು ಶುರುವಾದ ದಿನ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟವರು. ಊರಿನ ಮೇಸ್ತ್ರಿಗಳಲ್ಲಿ ಅರ್ಧ ಜನ ಅವರ ಶಿಷ್ಯರು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ನಾನೂ ಅವರ ಶಿಷ್ಯೆಯಾದೆ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು ಎಂದು ಮೊದಲ ದಿನ ಹೇಳಿಕೊಂಡೆ. ಬಹಳ ಚಲೋ ಆಯಿತು, ಹಾಗಾದರೆ ನಟ್ಟು ತೊಳೆಯಿರಿ, ಎಂದರು. ಒಂದು ತಿಂಗಳು ಸೀಮೆಎಣ್ಣೆಯಲ್ಲಿ ನಟ್ಟು ತೊಳೆದೆ.

ಕಾರು ನಮ್ಮ ಯಜಮಾನರದು. ಎರಡೇ ಸೀಟಿನ, ಮೇಲೆ ಹೊದಿಕೆ ಇಲ್ಲದ ವಿಲಾಯತಿ ಸ್ಪೋರ್ಟ್ಸ್ ಕಾರು. ದೇಶ ಬಿಟ್ಟು ಹೊರಟಿದ್ದ ಒಬ್ಬ ಕಂಪನಿ ಅಧಿಕಾರಿಯಿಂದ 1961ರಲ್ಲಿ ಕೊಂಡದ್ದು. ಯಜಮಾನರು ವಕೀಲರು. ಅದೇ ಕಾರಿನಲ್ಲಿ ಧಾರವಾಡದ ಕೋರ್ಟಿಗೆ ಹೋಗಿ ಬರುತ್ತಿದ್ದರು. ನನ್ನ ತಮ್ಮನಿಗೂ ಅದರ ಮೇಲೆ ಕಣ್ಣಿತ್ತು. 1976ರಲ್ಲಿ ಅದು ಶೆಡ್ಡು ಸೇರಿತು. ಮೇಲೆ ತಾಡಪತ್ರಿ ಬಿತ್ತು.

1987ರ ಜೂನ್‌ನಲ್ಲಿ ಅವರಿಗೆ ಗಂಟಲಿನ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ಧ್ವನಿ ಹೋಯಿತು. ಇಪ್ಪತ್ತೆಂಟು ವರ್ಷ ವಾದ ಮಾಡಿದವರು ಮುಂದಿನ ಪಡಸಾಲೆಯ ಕುರ್ಚಿಯಲ್ಲಿ ಕುಳಿತರು. ಒಂದು ಚೀಟಿಯ ಮೇಲೆ "ನೀರು" ಎಂದೋ "ಸಾಕು" ಎಂದೋ ಬರೆದು ತೋರಿಸುತ್ತಿದ್ದರು. ಇನ್ನು ಎಷ್ಟು ವರ್ಷ ಎಂದು ಡಾಕ್ಟರು ಹೇಳಲಿಲ್ಲ. ನಾನು ಕೇಳಿದಾಗ ಕಿಟಕಿಯ ಕಡೆ ನೋಡಿದರು.

ಆ ವಾರವೇ ನಿಶ್ಚಯಿಸಿದೆ. ಕಾರು ಸಿದ್ಧವಾಗಬೇಕು, ಯಜಮಾನರು ಇನ್ನೊಮ್ಮೆ ಸ್ಟೇರಿಂಗ್ ಹಿಡಿಯಬೇಕು. ಅವರಿಗೆ ದಣಿವಾಗಬಾರದೆಂದು ಎಲ್ಲವನ್ನೂ ನಾನೇ ಮೈಮೇಲೆ ಹಾಕಿಕೊಂಡೆ.

ತಗಡು, ಟೈರು, ವೈರಿಂಗ್ ಎಲ್ಲ ಒಂದೊಂದಾಗಿ ಕೈಗೂಡಿದವು. ಆದರೆ ಆ ಎಂಜಿನ್ನಿಗೆ ಎರಡು ಕಾರ್ಬುರೇಟರ್ ಬೇಕು. ತಾಡಪತ್ರಿ ತೆಗೆದಾಗ ಇದ್ದದ್ದು ಒಂದು. ಇನ್ನೊಂದಕ್ಕಾಗಿ ಮುಂಬಯಿ, ಪುಣೆ, ಕಲಕತ್ತೆಗಳ ಗುಜರಿಗಳಿಗೆ ಪತ್ರ ಬರೆದೆ. ಇಂಗ್ಲೆಂಡಿನ ಹಳೆಯ ಕಾರಿನವರ ಒಂದು ಸಂಘಕ್ಕೂ ಬರೆದೆ. ಉತ್ತರ ಬರೆದವರೆಲ್ಲ ಸಲಹೆ ಕೊಟ್ಟರು, ಕಾರ್ಬುರೇಟರ್ ಯಾರೂ ಕೊಡಲಿಲ್ಲ. ಒಂದೇ ಕಾರ್ಬುರೇಟರಿನಲ್ಲಿ ಓಡಿಸಿರಿ ಎಂದು ಒಬ್ಬರು ಬರೆದರು. ಎರಡನ್ನೂ ಬಿಸಾಡಿ ಬೇರೆ ಕಾರಿನದನ್ನು ಕೂಡಿಸಿರಿ ಎಂದು ಇನ್ನೊಬ್ಬರು. ಲೇತಿನ ಮೇಲೆ ಹೊಸದು ಮಾಡಿಸಿರಿ ಎಂದು ಮತ್ತೊಬ್ಬರು. ಎಂಜಿನ್ನನ್ನೇ ಕಿತ್ತು ಜೀಪಿನ ಎಂಜಿನ್ ಇಡಿರಿ ಎಂದು ಒಬ್ಬ ನಿವೃತ್ತ ಸುಬೇದಾರರು. ಮನೆಗೆ ಬಂದು ನೋಡಿದವರೂ ಬಹಳ. ಅವರೆಲ್ಲ ಪಡಸಾಲೆಯಲ್ಲಿ ಯಜಮಾನರಿಗೆ ನಮಸ್ಕಾರ ಮಾಡಿ ಹಿತ್ತಲಿನ ಶೆಡ್ಡಿಗೆ ಬರುತ್ತಿದ್ದರು. ಅಲ್ಲಿ ನನಗೆ ಹೇಳುತ್ತಿದ್ದರು, ನಾನು ಬೇರೆಯೇ ಒಂದು ವಹಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಒಬ್ಬೊಬ್ಬರಿಗೆ ಒಂದೊಂದು ಪುಟ. ತಾರೀಕು, ಹೆಸರು, ಅವರ ಬಳಿ ಇರುವ ಗಾಡಿ, ಅವರು ಹೇಳಿದ್ದು. ಹದಿನಾಲ್ಕು ತಿಂಗಳಲ್ಲಿ ಇಪ್ಪತ್ತಮೂರು ಪುಟ ತುಂಬಿತು.

ಆ ಮಂಗಳವಾರ ವಹಿಯನ್ನು ಉಸ್ತಾದರ ಮನೆಗೆ ಒಯ್ದೆ. ಅವರಿಗೆ ಓದು ಬಾರದು. ನಾನೇ ಓದಿದೆ. ಕಟ್ಟೆಯ ಮೇಲೆ ಕಣ್ಣು ಮುಚ್ಚಿಕೊಂಡು ಕೇಳಿದರು. ಕಡೆಯ ಪುಟವಾದ ಮೇಲೆ, ಮುಗಿಯಿತೇ ಎಂದು ಕೇಳಿದರು. ಮುಗಿಯಿತು ಎಂದೆ. ಇನ್ನೊಮ್ಮೆ ನೋಡಿರಿ ಎಂದರು. ನೋಡಿದೆ. ಇಪ್ಪತ್ತಮೂರೇ ಇತ್ತು.

ಆಗ ಪ್ರಶ್ನೆ ಕೇಳಿದೆ. ಅವರು ಒಂದು ಕತೆ ಹೇಳಿದರು. ಕತೆಯ ಕ್ರಮ ಅವರದು, ಭಾಷೆ ಮಾತ್ರ ನನ್ನದು.

ಒಂದೂರಿನಲ್ಲಿ ಒಬ್ಬ ವರ್ತಕನಿದ್ದ. ಅವನ ಮನೆಯಲ್ಲಿಯೂ ಇಂಥದೇ ಎರಡು ಸೀಟಿನ ಒಂದು ಕಾರು ಇತ್ತು. ಅದು ಅವನ ಸೋದರತ್ತೆಯದು. ತಾಯಿ ಇಲ್ಲದ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಆಕೆ. ಆ ಊರಿನಲ್ಲಿ ಆ ಕಾಲಕ್ಕೆ ಕಾರು ಹೊಡೆಯುತ್ತಿದ್ದ ಹೆಂಗಸು ಆಕೆ ಒಬ್ಬಳೇ. ಜನ ನಗುತ್ತಿದ್ದರು. ಆಕೆ ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದಳು.

ವರುಷಗಳು ಕಳೆದವು. ಕಾರು ನಿಂತಿತು. ಅತ್ತೆಗೆ ಕಣ್ಣು ಮಂಜಾಗತೊಡಗಿತು. ರಸ್ತೆ ಕಾಣುವಷ್ಟು ದೃಷ್ಟಿ ಇನ್ನು ಎರಡು ವರ್ಷ ಇದ್ದೀತು, ಆಮೇಲೆ ಹೇಳಲಾರೆ, ಎಂದ ವೈದ್ಯ.

ವರ್ತಕ ಆ ದಿನವೇ ಮಾತು ಕೊಟ್ಟ. ಕಣ್ಣು ಹೋಗುವ ಮುನ್ನ ಅತ್ತೆ ಈ ಕಾರನ್ನು ಹೊಳೆಯ ಸೇತುವೆಯವರೆಗೆ ಹೊಡೆದು ಬರಬೇಕು. ಅತ್ತೆ ಏನೋ ಹೇಳಲು ಬಾಯಿ ತೆರೆದಳು.

"ನೀನು ಸುಮ್ಮನೆ ಕೂತಿರು, ಅತ್ತೆ. ಸಿದ್ಧವಾದ ದಿನ ಕೀಲಿಕೈ ನಿನ್ನ ಕೈಗೆ ಕೊಡುತ್ತೇನೆ," ಎಂದ ವರ್ತಕ.

ಅತ್ತೆ ತಲೆಯಾಡಿಸಿದಳು.

ವರ್ತಕ ಒಬ್ಬ ಫಿಟ್ಟರನನ್ನು ಗೊತ್ತು ಮಾಡಿದ. ಒಂದು ವಹಿಯನ್ನೂ ಕೊಂಡ. ದೂರ ದೂರದ ಊರುಗಳಿಗೆ ಹೋದ, ತಿಳಿದವರನ್ನು ಕಂಡ, ಅವರು ಹೇಳಿದ್ದನ್ನು ವಹಿಯಲ್ಲಿ ಬರೆದ. ಸಾಮಾನುಗಳು ಸಿಕ್ಕವು. ದೀಪಗಳು ಒಂದು ಬಂದರಿನ ಗುಜರಿಯಲ್ಲಿ ಸಿಕ್ಕವು. ಚಕ್ರಗಳು ಒಂದು ಸಿನಿಮಾ ಕಂಪನಿಯ ಗೋದಾಮಿನಲ್ಲಿ. ವೇಗ ತೋರಿಸುವ ಮೀಟರು ಒಂದು ಹಳೆಯ ಸಂಸ್ಥಾನದ ಕುದುರೆ ಲಾಯದಲ್ಲಿ. ವರ್ತಕನಿಗೆ ವ್ಯಾಪಾರ ಗೊತ್ತಿತ್ತು. ಒಂದು ಸಾಮಾನಿನಲ್ಲಿಯೂ ಮೋಸ ಹೋಗಲಿಲ್ಲ.

ನಾಲ್ಕನೆಯ ತಿಂಗಳು ಎಂಜಿನ್ ಬಿಚ್ಚಿದರು.

ಆ ಎಂಜಿನ್ನಿನಲ್ಲಿ ನಾಲ್ಕು ಪಿಸ್ಟನ್. ಒಂದೊಂದು ಪಿಸ್ಟನ್ನಿಗೆ ಒಂದೊಂದು ಉಕ್ಕಿನ ರಾಡು. ರಾಡಿನ ಕೆಳತುದಿಗೆ ಬಳೆಯಂಥ ಒಂದು ಬಾಯಿ. ಆ ಬಳೆಯ ಅರ್ಧ ರಾಡಿಗೆ ಸೇರಿದ್ದು, ಉಳಿದರ್ಧ ಬೇರೆ. ಅದಕ್ಕೆ ಕ್ಯಾಪು ಎನ್ನುತ್ತಾರೆ. ರಾಡನ್ನೂ ಕ್ಯಾಪನ್ನೂ ಒಟ್ಟಿಗೆ ಬಿಗಿದು, ಒಂದೇ ಸಲ ಕೊರೆದು, ಆಮೇಲೆ ಬಿಚ್ಚಿರುತ್ತಾರೆ. ಒಂದರ ಕ್ಯಾಪು ಇನ್ನೊಂದಕ್ಕೆ ಹೊಂದುವುದಿಲ್ಲ. ಕಣ್ಣಿಗೆ ನಾಲ್ಕೂ ಒಂದೇ. ಎಂಜಿನ್ನಿಗೆ ಒಂದೇ ಅಲ್ಲ.

ಅದಕ್ಕೆ ಮೇಸ್ತ್ರಿಗಳಲ್ಲಿ ಒಂದು ಪದ್ಧತಿ ಇದೆ. ಎಂಜಿನ್ ಬಿಚ್ಚುವ ಮುನ್ನ ಸುತ್ತಿಗೆ ಮತ್ತು ಚೂಪು ಮೊನೆಯ ಪಂಚಿನಿಂದ ಚುಕ್ಕಿ ಹೊಡೆಯುತ್ತಾರೆ. ಮೊದಲ ರಾಡಿಗೆ ಒಂದು, ಅದರ ಕ್ಯಾಪಿಗೂ ಒಂದು. ಎರಡನೆಯದಕ್ಕೆ ಎರಡು. ಹೀಗೆ ನಾಲ್ಕರವರೆಗೆ. ಈ ಚುಕ್ಕಿಯನ್ನು ಮೇಸ್ತ್ರಿ ಹೊಡೆಯುವುದಿಲ್ಲ, ಗಾಡಿಯ ಧಣಿಯ ಕೈಯಿಂದ ಹೊಡೆಸುತ್ತಾನೆ. ಮೇಸ್ತ್ರಿ ಊರು ಬಿಡಬಹುದು, ಸಾಯಬಹುದು. ಗಾಡಿಯ ಜೊತೆ ಉಳಿಯುವವನು ಧಣಿ. ಗುರುತು ಅವನ ಕೈಗೆ ನೆನಪಿರಬೇಕು.

ಈ ಎಂಜಿನ್ನಿನಲ್ಲಿಯೂ ಚುಕ್ಕಿಗಳಿದ್ದವು. ಒಂದು ಕಾಲದಲ್ಲಿ ಯಾರೋ ಇದನ್ನು ಬಿಚ್ಚಿ ಕೂಡಿಸಿದ್ದಾರೆ ಎಂದ ಫಿಟ್ಟರ್. ಆ ಚುಕ್ಕಿಗಳು ಯಾರ ಕೈಯವು ಎಂದು ವರ್ತಕ ಕೇಳಲಿಲ್ಲ. ಅವನು ವಹಿ ನೋಡುತ್ತಿದ್ದ.

ವಹಿಯಲ್ಲಿ ರೇಸಿನ ಕಾರು ಹೊಡೆಯುವ ಒಬ್ಬನ ಮಾತು ಇತ್ತು. ರಾಡುಗಳನ್ನು ಕನ್ನಡಿಯಂತೆ ಪಾಲಿಶ್ ಮಾಡಿಸಬೇಕು, ಒರಟು ಮೈಯಿಂದಲೇ ಬಿರುಕು ಹುಟ್ಟುವುದು, ಎಂದು ಅವನು ಹೇಳಿದ್ದ. ಅದು ನಿಜವಾದ ಮಾತು. ಫಿಟ್ಟರ್ ಊಟಕ್ಕೆ ಹೋದ ಹೊತ್ತಿನಲ್ಲಿ ವರ್ತಕ ನಾಲ್ಕು ರಾಡು, ನಾಲ್ಕು ಕ್ಯಾಪುಗಳನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಹೊರಟ. ಆ ಊರಿನಲ್ಲಿ ಪಾಲಿಶ್ ಎಂದರೆ ಒಬ್ಬನೇ, ದೇವರ ಮನೆಯ ಸಮೆ ದೀಪಗಳಿಗೂ ಹಿತ್ತಾಳೆ ಪಾತ್ರೆಗಳಿಗೂ ಹೊಳಪು ಕೊಡುವವನು. ಅವನು ಮನಸ್ಸಿಟ್ಟು ಕೆಲಸ ಮಾಡಿದ. ಮೂರನೆಯ ದಿನ ಚೀಲ ಬಂತು. ಒಳಗೆ ಎಂಟು ತುಂಡು ಬೆಳ್ಳಿ.

ಫಿಟ್ಟರ್ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ.

"ಧಣಿ, ಇದರಾಗಿನ ಗುರುತು?"

"ಅವು ಗುರುತೇನು? ತಗ್ಗು ಬಿದ್ದ ಕಲೆ ಎಂದು ಅವನು ಉಜ್ಜಿ ತೆಗೆದ. ಅದಕ್ಕೆ ಬೇರೆ ಕೂಲಿ ಕೇಳಲಿಲ್ಲ."

ಫಿಟ್ಟರ್ ಒಂದೊಂದು ಕ್ಯಾಪನ್ನು ಒಂದೊಂದು ರಾಡಿಗೆ ಇಟ್ಟು, ಬೆರಳಿನಿಂದ ಸವರಿ, ಜೋಡಿ ಹುಡುಕತೊಡಗಿದ. ಇದು ತಿಂಗಳ ಕೆಲಸ, ಪೂರಾ ಹೊಂದಿದೆ ಎಂದು ಆಗಲೂ ಹೇಳಲಾರೆ, ಎಂದ. ವರ್ತಕನಿಗೆ ಅತ್ತೆಯ ಕಣ್ಣಿನ ಚಿಂತೆ. ದಿನ ಎಣಿಸುತ್ತಿದ್ದ. ಒಂಬತ್ತನೆಯ ದಿನ ಎಂಜಿನ್ ಹೇಗೋ ತಿರುಗಿತು. ಬಿಗಿಯಾಗಿ ತಿರುಗಿತು. ಹೊಸ ಬೇರಿಂಗು, ಓಡಿದರೆ ಸಡಿಲಾಗುತ್ತದೆ, ಎಂದ ವರ್ತಕ. ಫಿಟ್ಟರ್ ಬೇಡ ಎಂದ. ಗಾಡಿ ನನ್ನದು ಎಂದ ವರ್ತಕ.

ಕಾರು ಓಡಿತು. ಎರಡು ದಿನ ಓಡಿತು. ಮೂರನೆಯ ದಿನ ಅತ್ತೆಗೆ ಕೀಲಿಕೈ ಕೊಡುವ ಮುನ್ನ ತಾನೊಮ್ಮೆ ನೋಡೋಣವೆಂದು ವರ್ತಕ ಸೇತುವೆಯ ಕಡೆ ಹೊರಟ. ಸೇತುವೆ ಕಾಣುವ ತಿರುವಿನಲ್ಲಿ ಎರಡನೆಯ ರಾಡು ಮುರಿಯಿತು. ಮುರಿದ ರಾಡು ಎಂಜಿನ್ನಿನ ಹೊಟ್ಟೆ ಸೀಳಿ ಹೊರಗೆ ಬಂತು. ರಸ್ತೆಯ ಮೇಲೆ ಎಣ್ಣೆ ಹರಿಯಿತು.

ದೀಪ, ಚಕ್ರ, ಮೀಟರು ಗುಜರಿಯಲ್ಲಿ ಸಿಗುತ್ತವೆ. ಒಡೆದ ಎಂಜಿನ್ನಿಗೆ ಬದಲಿ ಹಾಗೆ ಸಿಗುವುದಿಲ್ಲ. ಅದು ಹಡಗಿನಲ್ಲಿ ಬರಬೇಕಾಯಿತು. ಹತ್ತೊಂಬತ್ತು ತಿಂಗಳು ಹಿಡಿಯಿತು.

ಕಾರು ಮತ್ತೆ ಸಿದ್ಧವಾದ ದಿನ ವರ್ತಕ ಕೀಲಿಕೈಯನ್ನು ಅತ್ತೆಯ ಕೈಗೆ ಕೊಟ್ಟ. ಆ ಹೊತ್ತಿಗೆ ಆಕೆಗೆ ಗೋಡೆ ಯಾವುದು ಕಿಟಕಿ ಯಾವುದು ಎಂಬುದಷ್ಟೇ ಕಾಣುತ್ತಿತ್ತು. ಆಕೆ ಕೀಲಿಕೈಯನ್ನು ಸವರಿ ನೋಡಿದಳು. ಕಾರಿನ ಮೈಮೇಲೆ ಕೈಯಾಡಿಸುತ್ತ ಸುತ್ತಲೂ ನಡೆದಳು. ಬಲಗಡೆಯ ಬಾಗಿಲ ಬಳಿ ಒಂದು ಗಳಿಗೆ ನಿಂತಳು. ಆಮೇಲೆ ಎಡಗಡೆಗೆ ಬಂದು ಹತ್ತಿ ಕುಳಿತಳು. ಕೀಲಿಕೈಯನ್ನು ಅವನಿಗೆ ಮರಳಿ ಕೊಟ್ಟಳು.

ಸೇತುವೆಯ ಮೇಲೆ ಕಾರು ನಿಲ್ಲಿಸಿದರು. ಮೊದಲ ಎಂಜಿನ್ನಿಗೆ ಏನಾಗಿತ್ತು ಎಂದು ಅತ್ತೆ ಕೇಳಿದಳು. ಅದುವರೆಗೆ ಯಾರೂ ಆಕೆಗೆ ಹೇಳಿರಲಿಲ್ಲ. ವರ್ತಕ ರಾಡಿನ ಸಂಗತಿ ಹೇಳಿದ, ಪಾಲಿಶಿನ ಸಂಗತಿ ಹೇಳಿದ. ಚುಕ್ಕಿಯ ಮಾತು ಬಂದಾಗ ಆಕೆ ತನ್ನ ಎಡಗೈಯ ಹೆಬ್ಬೆರಳನ್ನು ಅವನ ಮುಂದೆ ಹಿಡಿದಳು. ಉಗುರು ಸೊಟ್ಟಗೆ ಬೆಳೆದಿತ್ತು. ಚಿಕ್ಕಂದಿನಿಂದ ಅವನು ಅದನ್ನು ನೋಡಿದ್ದ.

"ಎರಡನೆಯ ರಾಡಿಗೆ ಹೊಡೆಯುವಾಗ ಸುತ್ತಿಗೆ ಜಾರಿತು," ಎಂದಳು. "ಉಗುರು ಕಿತ್ತು ಬಂತು. ಆದರೂ ನಾಲ್ಕಕ್ಕೂ ನಾನೇ ಹೊಡೆದೆ. ಅವನ್ನು ಮುಟ್ಟಬೇಡ ಅಂತ ಮೊದಲ ದಿನವೇ ಹೇಳೋಣ ಅಂದುಕೊಂಡೆ. ಸುಮ್ಮನೆ ಕೂತಿರು ಅಂದೆಯಲ್ಲ, ಕೂತೆ."

ಕತೆ ಅಲ್ಲಿಗೆ ನಿಂತಿತು. ಉಸ್ತಾದರು ನೀರು ಕುಡಿದರು.

ನನಗೆ ಸಮಾಧಾನವಾಗಲಿಲ್ಲ. ನನ್ನ ಪ್ರಶ್ನೆ ಇದ್ದದ್ದು ಸಲಹೆ ಕೊಡುವವರ ಬಗ್ಗೆ. ಹಾಗಾದರೆ ತಪ್ಪು ಆ ರೇಸಿನವನದೇ ಎಂದು ಕೇಳಿದೆ. ಅಲ್ಲ ಎಂದರು. ಅವನ ರಾಡುಗಳಿಗೆ ಬೇರೆ ಕಡೆ ಅಂಕಿ ಕೊರೆದು ಆಮೇಲೆ ಪಾಲಿಶ್ ಮಾಡಿದ್ದರಂತೆ. ಅವನು ತನ್ನ ಎಂಜಿನ್ನಿನ ಮಾತನ್ನು ಸತ್ಯವಾಗಿ ಹೇಳಿದ್ದ. ಹೇಳುವವರೆಲ್ಲ ತಮ್ಮ ಎಂಜಿನ್ನಿನ ಮಾತನ್ನೇ ಹೇಳುವುದು, ಬೇರೆಯವರ ಎಂಜಿನ್ನನ್ನು ಅವರು ಬಿಚ್ಚಿರುವುದಿಲ್ಲ, ಎಂದರು. ಆ ಪಾತ್ರೆ ಉಜ್ಜುವವನದೂ ತಪ್ಪಲ್ಲ, ಅವನು ಕಲೆ ಬಿಡಿಸಿ ಬಿಡಿಸಿ ಹೊಟ್ಟೆ ಹೊರೆದವನು, ಎಂದು ನಕ್ಕರು.

ಹಾಗಾದರೆ ಈ ಇಪ್ಪತ್ತಮೂರರಲ್ಲಿ ನಾನು ಯಾರ ಮಾತು ಹಿಡಿಯಲಿ ಎಂದು ಮತ್ತೆ ಕೇಳಿದೆ. ನನ್ನ ದನಿ ಸ್ವಲ್ಪ ಗಟ್ಟಿಯಾಗಿತ್ತು ಎಂದು ದಿನಚರಿಯಲ್ಲಿದೆ.

ಉಸ್ತಾದರು ನನ್ನ ಕೈಯಿಂದ ವಹಿ ತೆಗೆದುಕೊಂಡರು. ಓದಲು ಬಾರದವರು ಒಂದೊಂದೇ ಪುಟ ತಿರುವಿ ಕಡೆಯವರೆಗೆ ಹೋದರು. ಮುಚ್ಚಿ ನನ್ನ ತೊಡೆಯ ಮೇಲಿಟ್ಟರು.

"ಎಲ್ಲಾರದೂ ಆತು. ವಕೀಲ ಸಾಹೇಬ್ರ ಮಾತು ಯಾವ ಪುಟದಾಗ ಐತ್ರಿ, ಅಕ್ಕಾರ?"

ನಾನು ವಹಿ ತೆಗೆದುಕೊಂಡು ಎದ್ದೆ.

ಮನೆಗೆ ಬರುವ ದಾರಿಯಲ್ಲಿ ಒಂದು ಪಾಟಿಯನ್ನೂ ಬಳಪವನ್ನೂ ಕೊಂಡೆ. ಯಜಮಾನರ ತೊಡೆಯ ಮೇಲಿಟ್ಟು, ಎರಡನೆಯ ಕಾರ್ಬುರೇಟರಿನ ಬಗ್ಗೆ ನಿಮಗೇನಾದರೂ ಗೊತ್ತೇ ಎಂದು ಕೇಳಿದೆ. ಅವರು ನನ್ನ ಕೈಯಿಂದ ಬಳಪ ತೆಗೆದುಕೊಂಡರು. ಬರೆದರು: "ಮುಖ್ಯ ಸಾಕ್ಷಿಯನ್ನು ಕರೆಯಲು ಹದಿನಾಲ್ಕು ತಿಂಗಳು?" ಅದನ್ನು ಅಳಿಸಿ ಕೆಳಗೆ ಬರೆದರು: "ಅಡಿಗೆ ಮನೆ ಅಟ್ಟ. ಬಿಸ್ಕತ್ತಿನ ಡಬ್ಬಿ. ನಿನ್ನ ತಮ್ಮ ಗಾಡಿ ಒಯ್ಯಬಾರದೆಂದು ನಾನೇ ಬಿಚ್ಚಿಟ್ಟೆ."

ಡಬ್ಬಿ ಅಲ್ಲಿಯೇ ಇತ್ತು. ಒಳಗೆ ಕಾರ್ಬುರೇಟರ್, ಎಣ್ಣೆ ಬಟ್ಟೆಯಲ್ಲಿ ಸುತ್ತಿತ್ತು.

ಆ ದಿನದಿಂದ ಪಾಟಿ ಅವರ ತೊಡೆಯ ಮೇಲೆಯೇ ಇತ್ತು. ಅವರ ಕುರ್ಚಿ ಶೆಡ್ಡಿಗೆ ಹೋಯಿತು. ಎಂಜಿನ್ ಬಿಚ್ಚುವ ಮುನ್ನ ಚುಕ್ಕಿ ಅವರ ಕೈಯಿಂದ ಹೊಡೆಸಿದೆವು. ಎಂಜಿನ್ನಿನ, ಗೇರಿನ, ಬ್ರೇಕಿನ ವಿಷಯ ಎಲ್ಲ ಪಾಟಿಯ ಮೇಲೆ ಬಂತು. ಸಂಜೆ ನಾನು ಅದನ್ನು ವಹಿಗೆ ಇಳಿಸುತ್ತಿದ್ದೆ. ಇಪ್ಪತ್ತನಾಲ್ಕನೆಯ ಪುಟದಿಂದ ಆರಂಭವಾಗಿ ಆ ವಹಿ ಮುಗಿದು, ಇನ್ನೊಂದು ವಹಿ ಅರ್ಧವಾಯಿತು.

1989ರ ಡಿಸೆಂಬರ್ 3, ಭಾನುವಾರ, ಯಜಮಾನರು ಕಾರನ್ನು ಧಾರವಾಡದವರೆಗೆ ಹೊಡೆದರು. ನಾನು ಎಡಗಡೆ ಕುಳಿತೆ. ಆ ರಾತ್ರಿ ಬರೆದ ಲೆಕ್ಕ ಹೀಗಿದೆ.

ತಗಡು, ಬಣ್ಣ, ಟೈರು, ವೈರಿಂಗ್, ಬಿಡಿ ಸಾಮಾನು, ಕೂಲಿ, ಅಂಚೆ ಎಲ್ಲ ಸೇರಿ: ರೂ. 61,840.
ಅವರನ್ನು ಕೇಳದೆ ಕಳೆದದ್ದು: ಹದಿನಾಲ್ಕು ತಿಂಗಳು.
ಕೇಳಿದ್ದಕ್ಕೆ ಬಿದ್ದದ್ದು: ಪಾಟಿ ಒಂದು, ಬಳಪ ಮೂರು ಡಬ್ಬಿ, ರೂ. 9.50.